ಸೂಜಿ ಚಿಕಿತ್ಸೆ ಮತ್ತು ಸರ್ಕಾರದ ವಿಮೆ: ಅಕ್ಯುಪಂಕ್ಚರ್ ಚಿಕಿತ್ಸಕರು ಮೆಡಿಕೇರ್ ಹಣವನ್ನು ಒಪ್ಪಿಕೊಳ್ಳಬೇಕೇ?

ಅಮೆರಿಕದಲ್ಲಿ 65 ವರ್ಷ ತುಂಬಿದವರಿಗೂ ಅಂಗವೈಕಲ್ಯವುಳ್ಳ ಕೆಲವರಿಗೂ ಸರ್ಕಾರ ನಡೆಸುವ ಆರೋಗ್ಯ ವಿಮೆಯ ಹೆಸರು ಮೆಡಿಕೇರ್. 2020ರ ಜನವರಿ 21ರಂದು ಅದು ಅಕ್ಯುಪಂಕ್ಚರ್‌ಗೆ ಹಣ ಕೊಡಲು ಒಪ್ಪಿತು. ಒಪ್ಪಿದ್ದು ಒಂದೇ ತೊಂದರೆಗೆ: 12 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಕಾಡುತ್ತಿರುವ, ಕ್ಯಾನ್ಸರ್ ಅಥವಾ ಸೋಂಕಿನಂತಹ ಬೇರೆ ರೋಗದಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಬಂದದ್ದಲ್ಲದ ಸೊಂಟನೋವಿಗೆ. 90 ದಿನಗಳಲ್ಲಿ 12 ಬಾರಿ, ಗುಣ ಕಂಡರೆ ಇನ್ನು 8 ಬಾರಿ, ವರ್ಷಕ್ಕೆ ಒಟ್ಟು 20 ಬಾರಿ ಮಾತ್ರ ಚಿಕಿತ್ಸೆ ಪಡೆಯಬಹುದು. ಚಿಕಿತ್ಸಕರು ಈ ಹಣಕ್ಕೆ ಒಡಂಬಡಬೇಕೇ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ.

ಪರ

ಮೊದಲು ರೋಗಿಯನ್ನು ನೆನೆಯಬೇಕು. ಹಳೆಯ ಸೊಂಟನೋವು ಒಂದೆರಡು ಸಲ ಸೂಜಿ ಚುಚ್ಚಿಸಿಕೊಂಡರೆ ಹೋಗುವುದಿಲ್ಲ. ವಾರಕ್ಕೆ ಒಂದೆರಡು ಸಲದಂತೆ ಹಲವು ವಾರ ನಡೆಯಬೇಕಾಗುತ್ತದೆ. ಪ್ರತಿ ಸಲವೂ ಪೂರ್ತಿ ಹಣವನ್ನು ಕೈಯಿಂದಲೇ ತೆರಬೇಕೆಂದರೆ, ಗೋದಾಮಿನಲ್ಲಿ ಮೂಟೆ ಹೊತ್ತು, ಆಸ್ಪತ್ರೆಯ ನೆಲ ಒರೆಸಿ, ಹೊಲದಲ್ಲಿ ಬಗ್ಗಿ ದುಡಿದು ಸೊಂಟ ಸವೆಸಿಕೊಂಡವರೇ ಮೊದಲು ಹೊರಗುಳಿಯುತ್ತಾರೆ. ಮೆಡಿಕೇರ್ ಇದ್ದರೆ, ವರ್ಷಾರಂಭದಲ್ಲಿ ರೋಗಿಯೇ ಭರಿಸಬೇಕಾದ ನಿಗದಿತ ಮೊತ್ತ ಮುಗಿದ ಬಳಿಕ ಅವರು ಕೊಡಬೇಕಾದ್ದು ಒಪ್ಪಿತ ದರದ ಶೇ. 20 ಮಾತ್ರ. ಮಕ್ಕಳ ಮನೆಗೆ ಬಂದು ನೆಲೆಸಿ, ಗ್ರೀನ್ ಕಾರ್ಡ್ ಪಡೆದು 5 ವರ್ಷ ಕಳೆದ ಮೇಲೆ ತಿಂಗಳ ಕಂತು ಕಟ್ಟಿ ಮೆಡಿಕೇರ್ ಸೇರಿದ ನಮ್ಮ ಕಡೆಯ ಹಿರಿಯರಿಗೂ ಈ ವ್ಯತ್ಯಾಸ ಸಣ್ಣದಲ್ಲ. ಖರ್ಚಿನ ವಿಷಯದಲ್ಲಿ ಮಗನ ಮುಂದೆ, ಅಳಿಯನ ಮುಂದೆ ಬಾಯಿಬಿಡಲು ಸಂಕೋಚಪಟ್ಟು ನೋವನ್ನು ನುಂಗಿಕೊಂಡು ಕೂರುವವರನ್ನು ನಾವೆಲ್ಲರೂ ಬಲ್ಲೆವು.

ಸರ್ಕಾರ ಈ ಬಾಗಿಲನ್ನು ತೆರೆದ ಹೊತ್ತು ಎಂಥದ್ದೆಂಬುದನ್ನೂ ಮರೆಯಬಾರದು. ಅಫೀಮಿನ ಬಳಗಕ್ಕೆ ಸೇರಿದ ನೋವುಮಾತ್ರೆಗಳ ಚಟ ಮನೆಮನೆಗಳನ್ನು ಹಾಳುಮಾಡುತ್ತಿದ್ದಾಗ, ಮಾತ್ರೆಯಿಲ್ಲದೆ ನೋವು ತಗ್ಗಿಸುವ ದಾರಿಗಳಿಗಾಗಿ ನಡೆದ ಹುಡುಕಾಟದ ಫಲ ಅದು. ಅಮೆರಿಕದ ವೈದ್ಯರ ದೊಡ್ಡ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲೇ ಹಳೆಯ ಸೊಂಟನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬೇಕಾದ ಉಪಾಯಗಳಲ್ಲಿ ಅಕ್ಯುಪಂಕ್ಚರ್ ಅನ್ನು ಸೇರಿಸಿತ್ತು. ಜರ್ಮನಿಯಲ್ಲಿ 1162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಸುಧಾರಣೆ ಕಂಡವರ ಪ್ರಮಾಣ ಸೂಜಿ ಚಿಕಿತ್ಸೆ ಪಡೆದವರಲ್ಲಿ ಶೇ. 47.6, ಮಾತ್ರೆ ಮತ್ತು ವ್ಯಾಯಾಮದಂತಹ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ. 27.4. ಆ ವರ್ಷದಿಂದಲೇ ಜರ್ಮನಿಯ ಸಾರ್ವಜನಿಕ ವಿಮೆ ಸೊಂಟನೋವಿಗೂ ಮೊಣಕಾಲಿನ ಸವೆತಕ್ಕೂ ಅಕ್ಯುಪಂಕ್ಚರ್ ವೆಚ್ಚ ಭರಿಸತೊಡಗಿತು.

ನಿಯಮಗಳು ಇಕ್ಕಟ್ಟಾಗಿವೆ, ಚಿಕಿತ್ಸಕರಿಗೆ ಸಲ್ಲಬೇಕಾದ ಗೌರವ ಅವುಗಳಲ್ಲಿ ಸಂದಿಲ್ಲ ಎಂಬ ದೂರು ನಿಜ. ಆದರೆ ದೂರ ನಿಂತರೆ ಆ ಜಾಗವೇನೂ ಖಾಲಿ ಉಳಿಯುವುದಿಲ್ಲ. ರಾಜ್ಯದ ಕಾನೂನು ಒಪ್ಪಿದರೆ ವೈದ್ಯರೇ ಮೆಡಿಕೇರ್ ಖರ್ಚಿನಲ್ಲಿ ಸೂಜಿ ಚುಚ್ಚಬಹುದು. ಆ ವಿದ್ಯೆಯಲ್ಲಿ ಸ್ನಾತಕೋತ್ತರ ಪದವಿ ಇರಬೇಕೆಂಬ ಷರತ್ತು ಉಳಿದವರಿಗೆ ಇದೆ, ವೈದ್ಯರಿಗೆ ಇಲ್ಲ. ಮೂರು ನಾಲ್ಕು ವರ್ಷ ಇದನ್ನೇ ಓದಿದವರು ಹಿಂದೆ ಸರಿದರೆ, ಅಷ್ಟು ಓದಿಲ್ಲದವರ ಕೈಯಿಂದ ಚುಚ್ಚಿಸಿಕೊಳ್ಳುವುದೊಂದೇ ವೃದ್ಧರಿಗೆ ಉಳಿಯುವ ದಾರಿ. ಒಳಗೆ ಹೋಗಿ ಕೆಲಸ ಮಾಡಿ ತೋರಿಸಿದವರ ಮಾತಿಗೆ ಶಾಸನಸಭೆಯಲ್ಲಿ ಬೆಲೆ ಬರುತ್ತದೆಂಬುದು ನನ್ನ ನಂಬಿಕೆ.

ವಿರೋಧ

ಬಿಲ್ಲಿನ ಮೇಲೆ ಯಾರ ಹೆಸರಿರುತ್ತದೆ ಎಂಬಲ್ಲಿಂದ ಈ ವಿಷಯ ಆರಂಭವಾಗಬೇಕು. ಮೆಡಿಕೇರ್‌ನಿಂದ ನೇರವಾಗಿ ಹಣ ಪಡೆಯಬಲ್ಲವರು ಯಾರೆಂದು ಹೇಳುವ ಸಾಮಾಜಿಕ ಭದ್ರತಾ ಕಾನೂನಿನಲ್ಲಿ ಅಕ್ಯುಪಂಕ್ಚರ್ ಚಿಕಿತ್ಸಕರ ಹೆಸರೇ ಇಲ್ಲ. ರಾಜ್ಯ ಸರ್ಕಾರದ ಪರವಾನಗಿ ಪಡೆದು, ಸ್ವಂತ ಚಿಕಿತ್ಸಾಲಯ ಕಟ್ಟಿ, ಇಪ್ಪತ್ತು ವರ್ಷ ಒಂದೇ ಊರಿನ ಜನರ ನಾಡಿ ಹಿಡಿದವರೂ ಮೆಡಿಕೇರ್ ಕಣ್ಣಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಸಹಾಯಕ ಸಿಬ್ಬಂದಿ. ಬಿಲ್ಲು ಹೋಗುವುದು ಮೇಲ್ವಿಚಾರಕರ ಹೆಸರಿನಲ್ಲಿ, ಹಣ ಬರುವುದೂ ಅವರ ಖಾತೆಗೇ. ಚಿಕಿತ್ಸಕರಿಗೆ ದಕ್ಕುವುದು ಅದರಲ್ಲಿ ಅವರು ಕೊಟ್ಟಷ್ಟು. ಹೀಗಿರುವಾಗ ಮೆಡಿಕೇರ್ ಒಪ್ಪಿಕೊಳ್ಳುವುದೆಂದರೆ ಹೊಸ ರೋಗಿಗಳನ್ನು ಬರಮಾಡಿಕೊಳ್ಳುವಷ್ಟೇ ಅಲ್ಲ, ಸ್ವಂತ ಬಾಗಿಲು ಮುಚ್ಚಿ, ಸೂಜಿ ಹಿಡಿಯುವುದನ್ನೇ ಕಲಿಯದ ಒಬ್ಬರ ಅಧೀನದಲ್ಲಿ ದುಡಿಯಲು ಹೋಗುವುದು. ಮಾಜಿ ಸೈನಿಕರ ಇಲಾಖೆ ಅಕ್ಯುಪಂಕ್ಚರ್ ಚಿಕಿತ್ಸಕರನ್ನು ಅವರದೇ ಹುದ್ದೆಯ ಹೆಸರಿನಲ್ಲಿ ನೇಮಿಸಿಕೊಳ್ಳುತ್ತದೆ. ಅದೇ ಸರ್ಕಾರದ ಇನ್ನೊಂದು ಅಂಗಕ್ಕೆ ಇದು ಏಕೆ ಸಾಧ್ಯವಿಲ್ಲ?

ಇದಕ್ಕಿಂತ ಆಳವಾದ ತೊಂದರೆ ನಿಮಿಷಗಳ ಲೆಕ್ಕದಲ್ಲಿದೆ. ಯಾವ ಚಿಕಿತ್ಸೆಗೆ ಹಣ ಕೇಳುತ್ತಿದ್ದೇವೆಂದು ತಿಳಿಸಲು ಬಿಲ್ಲಿನಲ್ಲಿ ಬರೆಯುವ ಸಂಕೇತ ಎಣಿಸುವುದು ಚಿಕಿತ್ಸಕರು ರೋಗಿಯೊಬ್ಬರ ಜೊತೆಯಲ್ಲೇ ಕಳೆದ 15 ನಿಮಿಷಗಳನ್ನು. ಮುಂದಿನ 15 ನಿಮಿಷಕ್ಕೆ ಮತ್ತೆ ಹಣ ಬೇಕೆಂದರೆ ಮತ್ತೆ ಸೂಜಿ ಚುಚ್ಚಿರಬೇಕು. ಸೂಜಿಗಳು ಮೈಯಲ್ಲಿರುವಾಗ ರೋಗಿ ಕಣ್ಣುಮುಚ್ಚಿ ಮಲಗುವ ಅರ್ಧ ಗಂಟೆಗೆ ಲೆಕ್ಕವಿಲ್ಲ. ಎದ್ದು ಕುಳಿತ ಮೇಲೆ, ಹೆಂಡತಿ ತೀರಿಕೊಂಡ ವರ್ಷದಿಂದಲೇ ಈ ನೋವು ಶುರುವಾಯಿತೆಂದು ಅವರು ತಡೆದು ತಡೆದು ಹೇಳುವುದನ್ನು ಕೇಳಿಸಿಕೊಂಡ ಹೊತ್ತಿಗೂ ಬೇರೆ ಲೆಕ್ಕವಿಲ್ಲ.

ಪರ ಪಕ್ಷದವರು ಹೇಳಿದ ಜರ್ಮನ್ ಅಧ್ಯಯನವನ್ನೇ ನಾನೂ ಮುಂದಿಡುತ್ತೇನೆ, ಏಕೆಂದರೆ ಅದರಲ್ಲಿ ಮೂರನೆಯ ಅಂಕಿಯೊಂದಿದೆ. ಸೂಜಿ ಚುಚ್ಚಬೇಕೆಂದು ಅಕ್ಯುಪಂಕ್ಚರ್ ಗೊತ್ತುಪಡಿಸಿದ ಬಿಂದುಗಳಲ್ಲದ ಕಡೆ ಮೇಲುಮೇಲಕ್ಕೆ ಸೂಜಿ ತಾಗಿಸಿದ ಹುಸಿ ಚಿಕಿತ್ಸೆಯಲ್ಲೂ ಶೇ. 44.2 ಜನರಿಗೆ ಸುಧಾರಣೆ ಕಂಡಿತು. 2009ರಲ್ಲಿ ಪ್ರಕಟವಾದ, 638 ಜನರ ಅಮೆರಿಕನ್ ಅಧ್ಯಯನದಲ್ಲಿ ಹಲ್ಲುಕಡ್ಡಿಯನ್ನು ಚರ್ಮಕ್ಕೆ ಒತ್ತಿದಾಗಲೂ ಸರಿಸುಮಾರು ಇದೇ ಫಲ ಬಂತು. ಈ ಅಂಕಿಗಳನ್ನು ಬಚ್ಚಿಡುವುದು ನನ್ನ ದೃಷ್ಟಿಯಲ್ಲಿ ಅಪ್ರಾಮಾಣಿಕತೆ. ಬಿಂದು ಎಲ್ಲಿ, ಸೂಜಿ ಎಷ್ಟು ಆಳ ಎಂಬುದಕ್ಕಿಂತ, ಯಾರೋ ಒಬ್ಬರು ಅವಸರವಿಲ್ಲದೆ ಮೈ ಮುಟ್ಟಿ ನೋಡಿದ್ದು, ವಾರ ವಾರವೂ ಕಾದು ವಿಚಾರಿಸಿದ್ದು ರೋಗಿಗೆ ಹೆಚ್ಚು ಉಪಕಾರ ಮಾಡಿರಬಹುದು. ಹಾಗಿದ್ದಲ್ಲಿ, ಸೂಜಿಗೆ ಹಣ ಕೊಟ್ಟು ಆರೈಕೆಯ ಸಮಯವನ್ನು ಹಿಂಡುವ ವಿಮೆ ಚಿಕಿತ್ಸೆಯ ತಿರುಳನ್ನೇ ತೆಗೆದು ಸಿಪ್ಪೆಯನ್ನು ಕೊಂಡಂತೆ.

ವರ್ಷಕ್ಕೆ 20 ಬಾರಿ ಎಂಬ ಮಿತಿಯ ಜೊತೆಗೆ, ಸುಧಾರಣೆ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಬೇಕೆಂಬ ನಿಯಮವೂ ಇದೆ. ಎಂಬತ್ತರ ಬೆನ್ನುಮೂಳೆಗೆ ಇದ್ದಂತೆಯೇ ಇರುವುದೂ ಒಂದು ಗೆಲುವು ಎಂಬುದನ್ನು ಫಾರ್ಮಿನಲ್ಲಿ ಬರೆಯಲು ಜಾಗವಿಲ್ಲ. ಸರ್ಕಾರದ ಹಣ ಎಷ್ಟು ಗಟ್ಟಿ ಎಂಬುದಕ್ಕೆ ಕ್ಯಾಲಿಫೋರ್ನಿಯಾವನ್ನು ನೋಡಬಹುದು: ಬಡವರಿಗಾಗಿ ಇರುವ ಮೆಡಿ-ಕ್ಯಾಲ್ ಯೋಜನೆ ಆರ್ಥಿಕ ಮುಗ್ಗಟ್ಟಿನ 2009ರಲ್ಲಿ ವಯಸ್ಕರ ಅಕ್ಯುಪಂಕ್ಚರ್ ಸೌಲಭ್ಯವನ್ನು ಕಿತ್ತುಹಾಕಿತು, ಅದು ಮರಳಿ ಬಂದದ್ದು 2016ರ ಜುಲೈಯಲ್ಲಿ. ನಡುವಿನ ಏಳು ವರ್ಷ ಆ ರೋಗಿಗಳ ನೋವಿಗೆ ಬಿಡುವಿರಲಿಲ್ಲ.

ವಿಮೆಯಿಲ್ಲದಿದ್ದರೆ ಬಡವರ ಗತಿಯೇನು ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಆದರೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ 2002ರಲ್ಲಿ ಆರಂಭವಾದ ವರ್ಕಿಂಗ್ ಕ್ಲಾಸ್ ಅಕ್ಯುಪಂಕ್ಚರ್ ಒಂದು ದಾರಿ ತೋರಿಸಿದೆ. ದೊಡ್ಡ ಕೋಣೆಯಲ್ಲಿ ಒರಗುಕುರ್ಚಿಗಳ ಸಾಲು. ಹಲವರಿಗೆ ಒಟ್ಟಿಗೆ ಚಿಕಿತ್ಸೆ. ಕಡಿಮೆ ದರದ ಒಂದು ಮಿತಿಯೊಳಗೆ ಯಾರಿಗೆ ಎಷ್ಟು ಸಾಧ್ಯವೋ ಅಷ್ಟು ಕೊಡಬಹುದು, ಆದಾಯದ ಪುರಾವೆ ಕೇಳುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಮಲಗಿರಬಹುದು.

ಕ್ಯಾಲಿಫೋರ್ನಿಯಾದ ಸಂಸದೆ ಜೂಡಿ ಚು ಅವರು ಅಕ್ಯುಪಂಕ್ಚರ್ ಚಿಕಿತ್ಸಕರನ್ನು ಮೆಡಿಕೇರ್ ಪಟ್ಟಿಗೆ ಸೇರಿಸುವ ಮಸೂದೆಯನ್ನು ಒಂದಕ್ಕಿಂತ ಹೆಚ್ಚು ಸಲ ಮಂಡಿಸಿದ್ದಾರೆ. ಅದು ಕಾನೂನಾಗಿ, ಚಿಕಿತ್ಸಕರು ತಮ್ಮ ಹೆಸರಿನಲ್ಲೇ ಬಿಲ್ಲು ಬರೆಯುವಂತಾದರೆ ನನ್ನ ಮೊದಲ ಆಕ್ಷೇಪ ಅಂದೇ ಬಿದ್ದುಹೋಗುತ್ತದೆ. ಆ 15 ನಿಮಿಷಗಳ ಲೆಕ್ಕದ ಬಗ್ಗೆ ಮಾತ್ರ ಆಗಲೂ ಜಗಳವಾಡಬೇಕಾಗುತ್ತದೆ.