ಸ್ಪಷ್ಟನೆ: ಆ ನೀಲಿ ಲಾರಿ 1955ರದ್ದಲ್ಲ

ಬೆನ್ನ ಮೇಲೆ ಬೆಳ್ಳಿಬಣ್ಣದ ರೇಸ್ ಕಾರು ಹೊತ್ತ ನೀಲಿ ಮರ್ಸಿಡಿಸ್ ವಾಹನದ ಚಿತ್ರವೊಂದು, ‘1955ರ ಮೂಲ ಲಾರಿ, ತುಕ್ಕು ತೆಗೆದು ಜೀವ ಕೊಟ್ಟದ್ದು’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಚಿತ್ರ ನಿಜ, ಒಕ್ಕಣೆ ತಪ್ಪು.

‘ನೀಲಿ ಅದ್ಭುತ’ ಎಂದು ಜರ್ಮನ್ನರು ಕರೆದ ಈ ವಾಹನವನ್ನು ಕಂಪನಿಯ ರೇಸಿಂಗ್ ವಿಭಾಗ ತಯಾರಿಸಿದ್ದು ಒಂದೇ ಒಂದು. ಅದನ್ನು 1967ರ ಡಿಸೆಂಬರ್‌ನಲ್ಲಿ ಗುಜರಿಗೆ ಹಾಕಲಾಯಿತು. ವಸ್ತುಸಂಗ್ರಹಾಲಯದಲ್ಲಿ ಇಡುವ ಯೋಚನೆ ಮೊದಲಿತ್ತು. ತೂಕ ಹೆಚ್ಚೆಂದು ಕೈಬಿಟ್ಟರು. ಇಂಥ ವಸ್ತುವನ್ನು ತಕ್ಕಡಿಯಲ್ಲಿ ಅಳೆದವರನ್ನು ಕ್ಷಮಿಸುವುದು ಕಷ್ಟ. ಈಗ ಕಾಣುತ್ತಿರುವುದು 1993ರಲ್ಲಿ ಕೆಲಸ ಆರಂಭವಾಗಿ ವರ್ಷಗಟ್ಟಲೆ ಶ್ರಮದ ನಂತರ ಮುಗಿದ ಪ್ರತಿಕೃತಿ. ಮೂಲ ನಕ್ಷೆಗಳಿರಲಿಲ್ಲ, ಹಳೆಯ ಫೋಟೊಗಳನ್ನು ನೋಡಿಯೇ ಅಳತೆ ಹಿಡಿಯಬೇಕಾಯಿತು. ಇದನ್ನು ಪುನರ್‌ನಿರ್ಮಾಣ ಎನ್ನಬಹುದು, ದುರಸ್ತಿ ಎನ್ನಲಾಗದು.

‘ಗಂಟೆಗೆ 170 ಕಿ.ಮೀ. ಓಡುತ್ತಿತ್ತು’ ಎಂಬ ಮಾತನ್ನು ಹಲವರು ಉತ್ಪ್ರೇಕ್ಷೆ ಎಂದು ತಳ್ಳಿಹಾಕಿದ್ದಾರೆ. ಆ ವೇಗದ ಲೆಕ್ಕ ಮಾತ್ರ ಸರಿಯೇ. ಮರ್ಸಿಡಿಸ್‌ನದೇ 300 ಎಸ್ ಕಾರಿನ ಚಾಸಿಯನ್ನು (ಅಡಿಚೌಕಟ್ಟನ್ನು) ಉದ್ದಗೊಳಿಸಿ, ಅದಕ್ಕೆ 300 ಎಸ್‌ಎಲ್ ಕ್ರೀಡಾ ಕಾರಿನ 3 ಲೀಟರ್, ಆರು ಸಿಲಿಂಡರ್ ಎಂಜಿನ್ ಕೂರಿಸಿದ್ದರು. ಶಕ್ತಿ 192 ಅಶ್ವಶಕ್ತಿ. ಚಾಲಕನ ಕೋಣೆ ಮುಂದಿನ ಚಕ್ರಗಳ ಅಚ್ಚಿಗಿಂತಲೂ ಮುಂದಕ್ಕೆ ಚಾಚಿತ್ತು. ಬಾಗಿಲು ಮುಂತಾದ ಭಾಗಗಳು ಸಾಮಾನ್ಯ 180 ಮಾದರಿಯ ಕಾರಿನವು. ಈ ವೇಗ ಒಣ ಪ್ರತಿಷ್ಠೆಗಾಗಿ ಇದ್ದದ್ದಲ್ಲ: ಕೊನೆಯ ಗಳಿಗೆಯವರೆಗೂ ಕಾರ್ಖಾನೆಯಲ್ಲಿ ತಿದ್ದಿದ ಕಾರನ್ನು ರೇಸಿಗೆ ಮುಟ್ಟಿಸಬೇಕಿತ್ತು, ಜಖಂಗೊಂಡದ್ದನ್ನು ಬೇಗ ಹಿಂದಕ್ಕೆ ತರಬೇಕಿತ್ತು.

ಆದರೆ ರೇಸ್ ತಂಡದೊಂದಿಗಿನ ಅದರ ಓಡಾಟ ಅಲ್ಪಕಾಲದ್ದು. 1955ರ ಕೊನೆಗೆ ಕಂಪನಿ ರೇಸಿನಿಂದಲೇ ಹಿಂದೆ ಸರಿಯಿತು.