ಟಾಡಾಕ್ಕೆ ಇದ್ದ ಒಂದೇ ಒಳ್ಳೆಯ ಗುಣ

ಬಾಂಬ್ ಸಿಡಿದ ಮಾರನೆಯ ದಿನ ಕಾನೂನಿನ ಕಲಂ ಓದುತ್ತ ಕೂರುವವರು ಯಾರೂ ಇಲ್ಲ. ನನ್ನೂರು ದಾವಣಗೆರೆಯವರೂ ಅಷ್ಟೇ, ಈಗ ನಾನು ಸಂಸಾರ ಹೂಡಿರುವ ಲಂಡನ್ನಿನವರೂ ಅಷ್ಟೇ. 2005ರ ಜುಲೈ 7ರಂದು ಇಲ್ಲಿ ಮೂರು ರೈಲು, ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತಾಗ ಸರ್ಕಾರ ಏನು ಬೇಕಾದರೂ ಮಾಡಲಿ ಅನ್ನುವ ಸಿಟ್ಟಿತ್ತು. 2008ರ ನವೆಂಬರಿನಲ್ಲಿ ಮುಂಬೈ ಹೊತ್ತಿ ಉರಿಯುವುದನ್ನು ಟೀವಿಯಲ್ಲಿ ನೋಡಿದ ನಮ್ಮ ಮನೆಯವರ ಬಾಯಲ್ಲೂ ಅದೇ ಮಾತು. ಆ ಸಿಟ್ಟು ತಪ್ಪಲ್ಲ. ಆದರೆ ಸಿಟ್ಟಿನಲ್ಲಿ ಕೊಟ್ಟ ಅಧಿಕಾರವನ್ನು ವಾಪಸ್ ಕೇಳುವುದು ಯಾವಾಗ, ಕೇಳುವವರು ಯಾರು?

ಲಂಡನ್ ಸ್ಫೋಟವಾಗಿ ನಾಲ್ಕು ತಿಂಗಳಿಗೆ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್, ಶಂಕಿತರನ್ನು ಆರೋಪ ಹೊರಿಸದೆ 90 ದಿನ ಹಿಡಿದಿಡುವ ಅಧಿಕಾರ ಪೊಲೀಸರಿಗೆ ಬೇಕೆಂದರು. ಅವರದೇ ಲೇಬರ್ ಪಕ್ಷದ 49 ಸಂಸದರು ತಿರುಗಿಬಿದ್ದರು. 322ಕ್ಕೆ 291, ಸರ್ಕಾರ ಸೋತಿತು. ಕೊನೆಗೆ ಸಿಕ್ಕಿದ್ದು 28 ದಿನ, ಅದೂ ವರ್ಷ ವರ್ಷ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಷರತ್ತಿನ ಮೇಲೆ. 2011ರ ಜನವರಿಯಲ್ಲಿ ಸರ್ಕಾರ ಒಪ್ಪಿಗೆ ಕೇಳಲೇ ಇಲ್ಲ. ಮಿತಿ ತಾನಾಗಿಯೇ 14 ದಿನಕ್ಕೆ ಇಳಿಯಿತು. ಅದಕ್ಕಾಗಿ ಯಾರೂ ಉಪವಾಸ ಕೂರಬೇಕಾಗಲಿಲ್ಲ. ಗಡುವು ಮುಗಿಯಿತು, ಅಷ್ಟೇ.

ನಮ್ಮಲ್ಲಿ ಮುಂಬೈ ದಾಳಿಯಾಗಿ ತಿಂಗಳು ತುಂಬುವುದರೊಳಗೆ ರಾಷ್ಟ್ರೀಯ ತನಿಖಾ ಸಂಸ್ಥೆಯ (ಎನ್‌ಐಎ) ಕಾಯ್ದೆ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ತಿದ್ದುಪಡಿ ಎರಡೂ ಪಾಸಾದವು. ಎನ್‌ಐಎ ಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ತಿದ್ದುಪಡಿಯ ಬಗ್ಗೆ: ಚಾರ್ಜ್‌ಶೀಟ್ ಇಲ್ಲದೆ 180 ದಿನ ಒಳಗಿಡಬಹುದು, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನೂ ಇಲ್ಲ. 2019ರಲ್ಲಿ ಸಂಘಟನೆಯನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರ ಸೇರಿತು. ಇಲ್ಲಿನ 14, ಅಲ್ಲಿನ 180 ಪಕ್ಕಾ ಒಂದೇ ತಕ್ಕಡಿಗೆ ಬರುವ ಲೆಕ್ಕವಲ್ಲ, ಯಾಕೆಂದರೆ ಇಲ್ಲೂ ಆರೋಪ ಹೊರಿಸಿದ ಮೇಲೆ ಜೈಲಿನಲ್ಲಿಡುತ್ತಾರೆ. ನನ್ನ ಮಾತು ಗಡುವಿನ ಬಗ್ಗೆ. ಎಲ್ಲರೂ ಬೈದ ಭಯೋತ್ಪಾದನೆ ತಡೆ ಕಾಯ್ದೆ ಟಾಡಾ 1985ರಲ್ಲಿ ಬಂದಾಗ ಎರಡೇ ವರ್ಷದ ಕಾನೂನು. ಮತ್ತೆ ಮತ್ತೆ ಮುಂದುವರಿಸಿ, ಮುಂದುವರಿಸಲು ಮುಖವಿಲ್ಲದಂತಾಗಿ 1995ರಲ್ಲಿ ಬಿಟ್ಟರು. ಅದೇ ಬಗೆಯ 2002ರ ಪೋಟಾ ಕಾಯ್ದೆಗೂ ಮೂರು ವರ್ಷದ ಆಯುಷ್ಯವಿತ್ತು. 2004ರಲ್ಲಿ ಅದನ್ನು ರದ್ದು ಮಾಡಿದ್ದು ಹಳೇ ಮನೆ ಕೆಡವಿ ಅದರ ಬಾಗಿಲು, ತೊಲೆಗಳನ್ನು ಪಕ್ಕದ ಮನೆಗೆ ಹಾಕಿಕೊಂಡಂತಾಯಿತು: ಹಲವು ಮುಖ್ಯ ಕಲಂಗಳು ಯುಎಪಿಎಗೆ ಸೇರಿದವು, ಆಯುಷ್ಯದ ಮಿತಿ ಮಾತ್ರ ಸೇರಲಿಲ್ಲ.

ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ ಇಟ್ಟಿರುವ ನಮ್ಮ ದೊಡ್ಡಪ್ಪನಿಗೆ ಈ ವಾದವೇ ಆಗಿಬರುವುದಿಲ್ಲ. "ಅಲ್ಲಪಾ, ತಪ್ಪು ಮಾಡದೋರಿಗೆ ಎಂಥ ಭಯ? ಬಾಂಬ್ ಬಿದ್ರೆ ನಿನ್ ಸ್ವಾತಂತ್ರ್ಯ ತಗಂಡು ಏನ್ ಮಾಡ್ತಿ?" ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ, ಅದನ್ನು ಲಂಡನ್ನಿನಿಂದ ತರಬೇಕಾಗಿಲ್ಲ. 2000ದಲ್ಲಿ ವೀರಪ್ಪನ್ ಅಣ್ಣಾವ್ರನ್ನು ಹೊತ್ತೊಯ್ದು 108 ದಿನ ಇಟ್ಟುಕೊಂಡಿದ್ದಾಗ, ಮೈಸೂರು ಜೈಲಿನ ಟಾಡಾ ಕೈದಿಗಳನ್ನು ಬಿಡಬೇಕು ಅನ್ನುವುದು ಅವನ ಬೇಡಿಕೆಗಳಲ್ಲೊಂದು. ಬಿಟ್ಟುಬಿಡಿ, ಅಣ್ಣಾವ್ರು ಬಂದರೆ ಸಾಕು ಎಂದವರು ನಾವು. ಸರ್ಕಾರ ಮಣಿಯಿತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಗದ್ದಲದಲ್ಲಿ ಈ ಕೈದಿಗಳು ಯಾರು, ಏನು ಮಾಡಿದ್ದರು ಎಂದು ನಮ್ಮ ಬೀದಿಯಲ್ಲಿ ಒಬ್ಬರೂ ಕೇಳಿದ್ದು ನೆನಪಿಲ್ಲ. ಮರುವರ್ಷ ತೀರ್ಪು ಬಂತು. ನೂರಕ್ಕೂ ಹೆಚ್ಚು ಜನ ನಿರ್ದೋಷಿಗಳು. ಬಹಳಷ್ಟು ಮಂದಿ ಕಾಡಂಚಿನ ಹಳ್ಳಿಗಳ ಬಡವರು, ವರ್ಷಗಟ್ಟಲೆ ಒಳಗೆ ಕೊಳೆತವರು. ದೊಡ್ಡಪ್ಪ ಹೇಳುವ ತಪ್ಪು ಮಾಡದವರು ಇವರೇ.

ಹಾಗಂತ ಬ್ರಿಟನ್ನನ್ನು ಹೊತ್ತು ಮೆರೆಸುವ ಅಗತ್ಯವಿಲ್ಲ. 2005ರಲ್ಲೇ ಬ್ರೆಜಿಲ್‌ನ ಎಲೆಕ್ಟ್ರಿಷಿಯನ್ ಒಬ್ಬನನ್ನು ಆತ್ಮಾಹುತಿ ಬಾಂಬರ್ ಎಂದುಕೊಂಡು ಸ್ಟಾಕ್‌ವೆಲ್ ನಿಲ್ದಾಣದ ರೈಲಿನೊಳಗೆ ಪೊಲೀಸರು ಗುಂಡಿಕ್ಕಿ ಕೊಂದರು. ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ಇಲ್ಲ. ಇಲಾಖೆಗೆ ದಂಡ ಬಿದ್ದದ್ದು, ನಂಬಿ, ಆರೋಗ್ಯ ಮತ್ತು ಸುರಕ್ಷತಾ ಕಾನೂನಿನಡಿ. ಯಾವ ಅನುಮಾನವೂ ಬೇಡದೆ ದಾರಿಹೋಕರನ್ನು ತಡೆದು ಜೇಬು ತಡಕುವ ಅಧಿಕಾರವೂ ಇಲ್ಲಿತ್ತು. 2009-10ರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ಹಾಗೆ ತಡೆದರು. ಭಯೋತ್ಪಾದನೆಗಾಗಿ ಬಂಧಿಸಿದ್ದು ಸೊನ್ನೆ. ಯುರೋಪಿನ ಮಾನವ ಹಕ್ಕು ನ್ಯಾಯಾಲಯ ತಪ್ಪೆಂದ ಮೇಲೆ ಅದೂ ಹೋಯಿತು. ನನ್ನ ಬಣ್ಣದವರಿಗೆ ಆ ತಡಕಾಟ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಗುರುತಿನ ಚೀಟಿ ಇಟ್ಟುಕೊಂಡೇ ಓಡಾಡಬೇಕೆಂಬ ಕಾನೂನಿಲ್ಲ. 2006ರಲ್ಲಿ ತಂದ ರಾಷ್ಟ್ರೀಯ ಗುರುತಿನ ಚೀಟಿಯನ್ನೂ ಮುಂದಿನ ಸರ್ಕಾರ ಕೈಬಿಟ್ಟಿತು. ಈ ಅಭ್ಯಾಸದಲ್ಲಿ ಊರಿಗೆ ಹೋಗಿ, ಮದುವೆಗೆ ಬಂದ ನೆಂಟರಿಗೆಂದು ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜೊಂದರಲ್ಲಿ ರೂಮು ಕೇಳಿದೆ. "ಎಲ್ಲರ್ದೂ ಆಧಾರ್ ಜೆರಾಕ್ಸ್ ಕೊಡಿ ಸಾರ್, ಪೊಲೀಸ್ನೋರು ಕೇಳ್ತಾರೆ." ವೋಟರ್ ಐಡಿ ಆಗಲ್ವ ಅಂದರೆ ಆಗಲ್ಲ. ಕೌಂಟರಿನ ಪಕ್ಕ ಬಿಸ್ಲೇರಿ ಡಬ್ಬದ ತುಂಬ ಜೆರಾಕ್ಸ್ ಕಟ್ಟುಗಳು, ಮೇಲೊಂದು ಟೀ ಲೋಟ. ಲೋಟದ ಅಡಿಯಿಂದ ಹರಿಹರದ ಯಾರೋ ಹೆಂಗಸಿನ ಮುಖ, ವಿಳಾಸ, ಹನ್ನೆರಡಂಕಿಯ ನಂಬರು ಸಲೀಸಾಗಿ ಓದಬಹುದಿತ್ತು. ಇದರಿಂದ ಯಾವ ಉಗ್ರ ಸಿಕ್ಕಿಬೀಳುತ್ತಾನೋ ಗೊತ್ತಿಲ್ಲ. ಆ ಹೆಂಗಸಿನ ಹೆಸರಲ್ಲಿ ಸಿಮ್ ತೆಗೆಯಲು ಯತ್ನಿಸುವವನಿಗಂತೂ ಸುಗ್ಗಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಿಂದ ಒಕ್ಕೊರಲಿನ ತೀರ್ಪು ಬಂದ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಲಾಡ್ಜಿನ ಕೌಂಟರಿನವರೆಗೆ ಇನ್ನೂ ಬಂದಿಲ್ಲ.

ಯುಎಪಿಎ ಕಿತ್ತುಹಾಕಿ ಎನ್ನುವಷ್ಟು ಮುಗ್ಧ ನಾನಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಬಾಂಬ್ ಸಿಡಿದಾಗ ನನ್ನ ತಂಗಿಯ ಮಗ ಅದೇ ಊರಿನಲ್ಲಿದ್ದ. ಅವನು ಫೋನ್ ಎತ್ತುವವರೆಗೆ ಜೀವ ಕೈಯಲ್ಲಿತ್ತು. ನಾನು ಕೇಳುವುದು ಎರಡೇ. ಒಂದು, ಬ್ರಿಟನ್ನಿನಲ್ಲಿರುವಂತೆ ಸರ್ಕಾರದ ಹೊರಗಿನ ಒಬ್ಬ ಹಿರಿಯ ವಕೀಲ ಈ ಕಾನೂನುಗಳ ಬಳಕೆಯನ್ನು ಪರಿಶೀಲಿಸಿ ವರ್ಷ ವರ್ಷ ಸಂಸತ್ತಿಗೆ ವರದಿ ಕೊಡಲಿ. ಇನ್ನೊಂದು, 180 ದಿನದ ಕಲಂ, ಜಾಮೀನಿನ ಕಲಂ ಎರಡಕ್ಕೂ ಮೂರು ವರ್ಷದ ಆಯುಷ್ಯ ಇಡಲಿ. ಬೇಕೆಂದರೆ ಮತ್ತೆ ಮತಕ್ಕೆ ಹಾಕಿ ಮುಂದುವರಿಸಲಿ, ಬರೀ ಧ್ವನಿಮತದಿಂದಲ್ಲ, ಹೆಸರು ದಾಖಲಾಗುವಂತೆ. ದಾವಣಗೆರೆಯ ಸಂಸದರು ಯಾವ ಕಡೆ ಮತ ಹಾಕಿದರು ಎಂದು ಆಗ ಎಪಿಎಂಸಿಯಲ್ಲಿ ಕೂತವರಿಗೂ ಗೊತ್ತಾಗುತ್ತದೆ, ದೊಡ್ಡಪ್ಪ ನನ್ನ ಜೊತೆ ಜಗಳಾಡುವ ಬದಲು ಅವರನ್ನೇ ಕೇಳಬಹುದು.