ಕತ್ತಲೆ ಯಾಕೆ ಮಾರಾಯಾ?

ನಿನ್ನೆ ಕುಂಬಳೆಯ ಮನೆಯಲ್ಲಿ ಕೂತು 600 ಪುಟದ ಫ್ಯಾಂಟಸಿ ಕಾದಂಬರಿ ಮುಗಿಸಿದೆ. ಕೊನೆಗೂ ಬಾಯಿಬಿಟ್ಟ ಕತ್ತಲ ದೊರೆ ಹೇಳಿದ್ದೇನು? "ಜಗತ್ತನ್ನೆಲ್ಲ ಕತ್ತಲು ಮಾಡುತ್ತೇನೆ." ಅಷ್ಟೇ! ಯಾಕೆ ಮಾರಾಯಾ? ನೀನೂ ಅಲ್ಲೇ ಇರಬೇಕಲ್ವಾ? ಕತ್ತಲೇ ಬೇಕಿದ್ದರೆ ಜೂನ್‌ನಲ್ಲಿ ನಮ್ಮೂರಿಗೆ ಬಾ, ಒಂದು ಗಾಳಿಗೆ ಎರಡು ದಿನ ಕರೆಂಟಿರುವುದಿಲ್ಲ.

ಇಂಥ ಕಾದಂಬರಿಗಳ ಖಳನಾಯಕರೆಲ್ಲರಿಗೂ ಅದೇ ಕಪ್ಪು ನಿಲುವಂಗಿ, ಕೆಂಪು ಕಣ್ಣು, ಸುಮ್ನೆ ಒಂದು ನಗು. ಊರೆಲ್ಲ ಸುಟ್ಟ ಮೇಲೆ ಸೈನ್ಯಕ್ಕೆ ಗಂಜಿ ಯಾರು ಬೇಯಿಸುತ್ತಾರೆ?

ನಮ್ಮ ಯಕ್ಷಗಾನದ ಆಟದ ರಕ್ಕಸರನ್ನು ನೋಡಿ. ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ (ಮುಳ್ಳಿನಂಥ ಬಿಳಿ ಚುಕ್ಕೆ) ಇಡಲೇ ಗಂಟೆಗಟ್ಟಲೆ ಬೇಕು. ರಾವಣನಿಗೆ ತಂಗಿಯ ಮೂಗು ಹೋದ ಸಿಟ್ಟು. ಹಿರಣ್ಯಕಶಿಪುವಿಗೆ ಒಡಹುಟ್ಟಿದವನನ್ನು ಕೊಂದ ಹರಿಯ ಮೇಲೆ ಹಗೆ. ಇವನಿಗೆ? ಹಲ್ಲುನೋವಾ?

ಎರಡನೇ ಭಾಗ ಬೇರೆ ಇದೆಯಂತೆ. ಅದರಲ್ಲಿ ಇವನ ಗುರು ಬರುತ್ತಾನಂತೆ. ಇನ್ನೂ ಜಾಸ್ತಿ ಕತ್ತಲೆ!